ಏಳು ಡ್ರಮ್ಮು, ಒಂದು ಮೂಗು

ಬೆಳಕು ಇನ್ನೂ ಕಿಟಕಿಯಾಚೆ ನಿಂತು, ಒಳಗೆ ಬರಲೋ ಬೇಡವೋ ಎಂದು ಅನುಮಾನಿಸುತ್ತಿರುವ ಹೊತ್ತು. ನಾಲ್ಕು ಅಂತಸ್ತಿನ ಹಳೆಯ ಕಟ್ಟಡದ ಕೆಳಗಿನ ಮನೆಯಲ್ಲಿ, ಉತ್ತರಕ್ಕೆ ಮುಖ ಮಾಡಿದ ಸಣ್ಣ ಕೋಣೆಯೊಳಗೆ, ಏಳು ಡ್ರಮ್ಮುಗಳು ಗೋಡೆಯಿಂದ ಒಂದು ಗೇಣು ದೂರ ಸರಿದು, ಮರದ ಹಲಗೆಗಳ ಮೇಲೆ, ಮೊದಲ ಬಸ್ಸಿಗೆ ಕಾಯುವ ಹಿರಿಯರಂತೆ ಸಾಲಾಗಿ ಕುಳಿತಿವೆ. ಅವುಗಳ ಎದುರು ಐವತ್ತಮೂರು ವರ್ಷದ ಹೆಂಗಸೊಬ್ಬರು ಬರಿಗಾಲಿನಲ್ಲಿ ನಿಂತಿದ್ದಾರೆ. ಸೆರಗಿನಿಂದ ಅಂಗೈಯನ್ನು ಎರಡು ಸಲ ಒರೆಸಿಕೊಳ್ಳುತ್ತಾರೆ. ಕೈಯಲ್ಲಿ ನೀರಿನ ಪಸೆಯೂ ಇರಕೂಡದು. ಮೊದಲ ಮುಚ್ಚಳ ತೆರೆಯುತ್ತದೆ. ಒಳಗಿನ ಚೀಲದ ಮಡಿಕೆ ಬಿಚ್ಚಿ, ನಾಯಿಗಳ ಒಣ ಆಹಾರವನ್ನು ಒಂದು ಚಿಟಿಕೆಯಷ್ಟು ಎತ್ತಿ ಪುಟ್ಟ ಬಟ್ಟಲಿಗೆ ಹಾಕುತ್ತಾರೆ. ಹೀಗೆ ಏಳು ಬಟ್ಟಲು. ಎಲ್ಲವನ್ನೂ ಒಂದು ತಟ್ಟೆಯಲ್ಲಿಟ್ಟುಕೊಂಡು, ನಿದ್ದೆಯಲ್ಲಿರುವ ಮಗುವನ್ನು ಎತ್ತಿಕೊಂಡವರ ನಡಿಗೆಯಲ್ಲಿ ಹಜಾರಕ್ಕೆ ಬರುತ್ತಾರೆ.

ಹಜಾರದ ಮಂಚದ ಮೇಲೆ ಅವರ ಅತ್ತೆ ಎದ್ದು ಕುಳಿತಿದ್ದಾರೆ. ವಯಸ್ಸು ಎಂಬತ್ತೊಂದು. ಕಣ್ಣಿನ ಬೆಳಕು ಆರಿ ಆರು ವರ್ಷ. ಮಂಡಿಗಳು ಮುಷ್ಕರ ಹೂಡಿರುವುದು ಅದಕ್ಕೂ ಹಿಂದಿನಿಂದ. ಸೊಸೆ ಒಂದೊಂದೇ ಬಟ್ಟಲನ್ನು ಅವರ ಮೂಗಿನ ಬಳಿ ಹಿಡಿಯುತ್ತಾರೆ.

"ಹೂಂ," ಎನ್ನುತ್ತಾರೆ ಅತ್ತೆ ಮೊದಲನೆಯದಕ್ಕೆ. "ಬಿಸಿಲಿಗೆ ಹಾಕಿದ ಗೋಣಿತಾಟಿನ ಹಾಗಿದೆ."

ಎರಡನೆಯದಕ್ಕೂ ಹೂಂ. ಮೂರನೆಯದು ಹುರಿದ ಹಿಟ್ಟು. ನಾಲ್ಕನೆಯದು ಮೀನು ಮಾರುವವಳು ಬೀದಿ ದಾಟಿಹೋದ ಮೇಲೆ ಉಳಿಯುವ ಗಾಳಿ. ಐದು, ಆರು, ಸುಮ್ಮನೆ ತಲೆಯಾಡಿಸುತ್ತಾರೆ. ಏಳನೆಯದಕ್ಕೆ ಮೂಗು ತಂದವರು ಹಿಂದಕ್ಕೆ ಸರಿಯುತ್ತಾರೆ.

"ಇದು ಬೇಡ."

"ಈಗ ತಾನೇ ಬಿಚ್ಚಿದ ಚೀಲ ಅತ್ತೆ. ತಾರೀಖು ಇನ್ನೂ ಏಳು ತಿಂಗಳಿದೆ."

"ತಾರೀಖಿಗೆ ಮೂಗಿದೆಯೇನೆ? ಬೇಡ ಅಂದ್ರೆ ಬೇಡ."

ಬೀದಿಯವರು, ಮಹಡಿಯವರು, ಕೊನೆಗೆ ಬಸ್ ಕಂಡಕ್ಟರಾಗಿರುವ ಗಂಡನೂ ಕೂಡ ಈ ಹೆಂಗಸನ್ನು ಕರೆಯುವುದು ಡ್ರಮ್ಮಕ್ಕ ಎಂದು. ಹೊಟ್ಟೆಪಾಡಿಗೆ ಇದೇ ಕಟ್ಟಡದ ತೊಂಬತ್ತಾರು ಮೆಟ್ಟಿಲುಗಳನ್ನು ದಿನಕ್ಕೆ ಎರಡು ಬಾರಿ ಗುಡಿಸಿ ಒರೆಸುತ್ತಾರೆ. ಉಳಿದ ಹೊತ್ತಿನ ಕೆಲಸವನ್ನು ಅವರಿಗೆ ಯಾರೂ ಹೇಳಿದ್ದಲ್ಲ. ಬಸ್ಸು ದುರಸ್ತಿ ಮಾಡುವ ಶೆಡ್ಡಿನ ಹಿಂದೆ ಮುದಿ ನಾಯಿಗಳ ಮನೆಯೊಂದಿದೆ. ಸಾಕಿದವರು ಊರು ಬಿಟ್ಟದ್ದಕ್ಕೋ, ಸಾಕಲಾರದೆ ಕೈಬಿಟ್ಟದ್ದಕ್ಕೋ ಅಲ್ಲಿಗೆ ಬಂದು ಸೇರಿದ ಮೂವತ್ತೆರಡು ಜೀವಗಳು. ಅವಕ್ಕೆ ದಿನಕ್ಕೆ ಹನ್ನೊಂದು ಕಿಲೋ ಒಣ ಆಹಾರ ಬೇಕು. ಅಲ್ಲಿನ ಸೂರೋ ಬರೀ ತಗಡು.

"ಮಧ್ಯಾಹ್ನ ಆದ್ರೆ ಆ ತಗಡಿನ ಕೆಳಗೆ ಕಾಳು ಬಾಣಲೆಯಲ್ಲಿಟ್ಟ ಹಾಗೆ ಕಾಯ್ತಿತ್ತು," ಎಂದು ಹದಿನಾಲ್ಕು ವರ್ಷದ ಹಿಂದಿನ ಮಾತನ್ನು ಡ್ರಮ್ಮಕ್ಕ ನೆನೆಯುತ್ತಾರೆ. ನಾಯಿಯ ಒಣ ಆಹಾರಕ್ಕೆ ಅವರು ಇಟ್ಟ ಹೆಸರು ಕಾಳು. "ನಮ್ಮನೇಲಿ ಒಂದು ಕೋಣೆ ತಣ್ಣಗಿರತ್ತೆ ಅಂತ ಬಾಯಿಗೆ ಬಂದುಬಿಡ್ತು. ಮನೆಗೆ ಬಂದ ಮೇಲೆ ನೆನಪಾಯ್ತು, ಆ ಕೋಣೆ ಅತ್ತೇದು!"

ಅತ್ತೆ ಇದನ್ನು ಇಂದಿಗೂ ಮರೆತಿಲ್ಲ. "ಕಾಳಿಗೆ ತಣ್ಣನೆ ಕೋಣೆ, ನನಗೆ ಓಡಾಡೋ ಹಜಾರ," ಎಂದು ಮಂಚದಿಂದಲೇ ಮಾತು ಸೇರಿಸುತ್ತಾರೆ. "ಹನ್ನೆರಡು ವರ್ಷ ಬೈದೆ. ಇದೇನು ಮನೆಯಾ, ನಾಯಿಗಳ ಉಗ್ರಾಣವಾ ಅಂತ. ಇವಳ ಕಿವಿಗೆ ಬಿದ್ರೆ ತಾನೆ! ನನ್ನ ಮಗನೋ, ಜಗಳ ಶುರುವಾದ್ರೆ ಟಿಕೆಟ್ ಚೀಲ ಹೆಗಲಿಗೇರಿಸ್ಕೊಂಡು ಡ್ಯೂಟಿ ಇದೆ ಅಂತ ಹೊರಟುಬಿಡ್ತಿದ್ದ, ರಜಾ ದಿನಾನೂ."

ಏಳು ಬಗೆಯ ಕಾಳಿಗೆ ಏಳು ಡ್ರಮ್ಮು. ಹಲ್ಲಿಲ್ಲದವರಿಗೆ ನೆನೆದರೆ ಮೆತ್ತಗಾಗುವ ಬಗೆ, ಮೈ ತುರಿಕೆಯವರಿಗೆ ಮೀನಿನದು, ಸ್ಥೂಲರಿಗೆ ಹಗುರವಾದದ್ದು. ಮೊದಲ ಎರಡು ಡ್ರಮ್ಮುಗಳು ಮೂರು ನಾಲ್ಕು ದಿನಕ್ಕೆ ಬರಿದಾಗುತ್ತವೆ. ಏಳನೆಯದು ಮಾತ್ರ ನಿಧಾನಸ್ಥ. ಮೂತ್ರಪಿಂಡ ಸೋತ ಮೂರೇ ನಾಯಿಗಳ ಪಾಲು ಅದರಲ್ಲಿದೆ. ಹನ್ನೆರಡು ಕಿಲೋ ಚೀಲ ಇಪ್ಪತ್ತಾರು ದಿನ ಬರುತ್ತದೆ. ಡ್ರಮ್ಮಕ್ಕನ ಬದುಕಿನ ದೊಡ್ಡ ತಪ್ಪು ನಡೆದದ್ದು ಆ ಡ್ರಮ್ಮಿನ ತಳದಲ್ಲಿ.

ತಪ್ಪಿಗೆ ಮೂಲ ತಾಯಿ ಕಲಿಸಿದ ಪಾಠ. ಅಡುಗೆಮನೆಯ ಯಾವ ಡಬ್ಬಿಯ ತಳವೂ ಕಣ್ಣಿಗೆ ಬೀಳಬಾರದು, ನಾಲ್ಕು ಹಿಡಿ ಉಳಿದಿರುವಾಗಲೇ ಹೊಸದನ್ನು ಸುರಿಯಬೇಕು ಎಂದು ಅವರಮ್ಮ ಹೇಳಿಕೊಟ್ಟಿದ್ದರು. ಮಗಳು ಅದನ್ನು ಶ್ರದ್ಧೆಯಿಂದ ಪಾಲಿಸಿದರು. ಚೀಲ ಬಿಚ್ಚಿ ಡ್ರಮ್ಮಿಗೆ ಸುರಿಯುವುದು, ಮುಗಿಯುವ ಮೊದಲೇ ಅದರ ಮೇಲೆ ಇನ್ನೊಂದು. ಮೇಲಿನ ಕಾಳು ಹೊಸದು, ಮೇಲಿನ ವಾಸನೆ ಹೊಸದು. ತಳದಲ್ಲಿ ಮಾತ್ರ ವರ್ಷದ ಹಿಂದಿನ ಕಾಳು, ತನ್ನ ಎಣ್ಣೆಯಲ್ಲೇ ಕಮಟುತ್ತ, ಯಾರ ಕಣ್ಣಿಗೂ ಬೀಳದೆ ಮಲಗಿತ್ತು. ಒಂದು ವಾರ ಹೊಸ ಚೀಲ ಬರುವುದು ತಡವಾಯಿತು. ಅಳತೆಯ ಲೋಟ ಮೊದಲ ಸಲ ತಳ ಮುಟ್ಟಿತು.

ಆಗ ಆ ಡ್ರಮ್ಮಿನ ಪಾಲುದಾರರಲ್ಲಿ ಮೇಷ್ಟ್ರು ಎಂಬ ನಾಯಿಯಿತ್ತು. ದಿನವೂ ಬಾಗಿಲಲ್ಲಿ ಕುಳಿತು, ಒಳಹೋಗುವ ಪ್ರತಿಯೊಬ್ಬರನ್ನೂ ಹಾಜರಿ ತೆಗೆದುಕೊಳ್ಳುವವನಂತೆ ನೋಡುತ್ತಿದ್ದುದರಿಂದ ಬಂದ ಹೆಸರು. ಮೇಷ್ಟ್ರು ತಟ್ಟೆಯನ್ನು ಮೂಸಿ ಮುಖ ತಿರುಗಿಸಿದ. ಕಾಯಿಲೆಯ ಮುನಿಸೆಂದು ಎಲ್ಲರೂ ಭಾವಿಸಿದರು. ಡ್ರಮ್ಮಕ್ಕ ನೆಲದ ಮೇಲೆ ಕುಳಿತು, ಕಾಳನ್ನು ಬಿಸಿನೀರಿನಲ್ಲಿ ನೆನೆಸಿ, ಮುದ್ದು ಮಾಡಿ, ಅಂಗೈಯಲ್ಲೇ ತಿನ್ನಿಸಿದರು. ಅವರ ಮುಖ ನೋಡಿ ಅವನು ತಿಂದ. ಮರುದಿನವೂ ತಿಂದ. ನಾಲ್ಕು ದಿನ ವಾಂತಿ; ಐದನೆಯ ದಿನ ಬಾಗಿಲಲ್ಲಿ ಹಾಜರಿ ತೆಗೆದುಕೊಳ್ಳುವವರು ಇರಲಿಲ್ಲ.

"ಅವನು ಬೇಡ ಅಂದ," ಎನ್ನುತ್ತಾರೆ ಡ್ರಮ್ಮಕ್ಕ, ಕಿಟಕಿಯ ಕಡೆ ನೋಡುತ್ತ. "ಬಾಯಿಲ್ಲದ ಜೀವ ಇನ್ನೆಷ್ಟು ಹೇಳಕ್ಕಾಗತ್ತೆ? ನಾನೇ ತಿನ್ನಿಸ್ದೆ. ಈ ಕೈಲಿ."

ಅಂದಿನಿಂದ ತಾಯಿಯ ಪಾಠ ತಲೆಕೆಳಗಾಗಿದೆ. ತಳ ಕಾಣಲೇಬೇಕು. ಕಾಳನ್ನು ಸುರಿಯುವುದೇ ಇಲ್ಲ. ಬಂದ ಚೀಲ ಚೀಲದ ಸಮೇತ ಡ್ರಮ್ಮಿಗಿಳಿಯುತ್ತದೆ, ಅದರ ಮೇಲಿನ ತಾರೀಖು ಕೊನೆಯ ಹಿಡಿಯವರೆಗೂ ಕಣ್ಣೆದುರೇ ಇರಬೇಕೆಂದು. ತೆಗೆದಾದ ಮೇಲೆ ಗಾಳಿ ಹೊರದೂಡಿ, ಬಾಯಿ ಮಡಿಚಿ, ಬಟ್ಟೆ ಒಣಹಾಕುವ ಎರಡು ಕ್ಲಿಪ್ಪು. ಚೀಲ ಮುಗಿದೊಡನೆ ಡ್ರಮ್ಮಿಗೆ ಸೋಪುನೀರಿನ ಸ್ನಾನ, ಒಂದಿಡೀ ಹಗಲು ಬಿಸಿಲು. ಲೋಟಕ್ಕೂ ಅದೇ ಉಪಚಾರ. ಕಿಟಕಿಗೆ ದಪ್ಪ ಪರದೆ. ಇಷ್ಟರ ಮೇಲೆ ದಿನವೂ ಬೆಳಗ್ಗೆ ಮೂಸುವ ಕಟ್ಟುಪಾಡು. ಡ್ರಮ್ಮಕ್ಕ ಮೂಸಿ ಹೂಂ ಎಂದರೆ ನಾಯಿಗಳ ಮನೆಯ ಡಾಕ್ಟರು ಮತ್ತೆ ನೋಡುವುದಿಲ್ಲ ಎನ್ನುವಷ್ಟು ಆ ಮೂಗು ಹೆಸರುವಾಸಿಯಾಯಿತು.

ಎರಡು ವರ್ಷದ ಹಿಂದೆ ಒಂದು ಜ್ವರ ಬಂದು ಹೋಯಿತು. ಹೋಗುವಾಗ ಏನೋ ಒಂದನ್ನು ಜೊತೆಗೆ ಒಯ್ದಿದೆಯೆಂಬುದು ಡ್ರಮ್ಮಕ್ಕನಿಗೆ ತಿಳಿಯಲೇ ಇಲ್ಲ. ಲೋಕ ತುಸು ದೂರ ಸರಿದಂತೆ, ಎಲ್ಲವೂ ಗಾಜಿನಾಚೆ ನಡೆಯುತ್ತಿರುವಂತೆ ಅನಿಸುತ್ತಿತ್ತು, ಅಷ್ಟೇ. ಒಂದು ಬೆಳಗ್ಗೆ ಒಲೆಯ ಪಕ್ಕದಲ್ಲೇ ನಿಂತು ಕಾಳಿನ ಬಟ್ಟಲು ಮೂಸುತ್ತಿದ್ದಾಗ ಹಜಾರದಿಂದ ಕೂಗು ಬಂತು.

"ಏ, ಹಾಲು ಸೀದು ಹೋಗ್ತಿದೆ ಕಣೆ! ನಿನ್ನ ಮೂಗಿಗೇನು ಬೆಣೆ ಹೊಡೆದಿದ್ದಾರಾ?"

ಪಾತ್ರೆಯ ತಳ ಕಪ್ಪಗಾಗಿತ್ತು. ಡ್ರಮ್ಮಕ್ಕ ಸೀದ ಹಾಲಿಗೆ ಮುಖವೊಡ್ಡಿದರು. ಬರೀ ಹಬೆ. ಕೈಯಲ್ಲಿದ್ದ ಬಟ್ಟಲಿಗೆ ಒಡ್ಡಿದರು. ಏನೂ ಇಲ್ಲ. ಅವರು ಬಟ್ಟಲು ಹಿಡಿದುಕೊಂಡೇ ಹಜಾರಕ್ಕೆ ಬಂದು, "ಅತ್ತೆ, ಇದನ್ನೊಂದು ಮೂಸಿ ನೋಡ್ತೀರಾ?" ಎಂದರು. ಹನ್ನೆರಡು ವರ್ಷ ನಾತ, ನಾತ ಎಂದು ಗೊಣಗಿದ ಅತ್ತೆ ಬಟ್ಟಲಿಗೆ ಕೈ ಚಾಚಿದರು. ಅಂದಿನಿಂದ ಇದು ಮನೆಯೊಳಗಿನ ಗುಟ್ಟು. ಗಂಡನಿಗೆ ಗೊತ್ತು, ಡಾಕ್ಟರಿಗೆ ಗೊತ್ತಿಲ್ಲ. ಗೊತ್ತಾದರೆ ಕಾಳಿನ ಹೊಣೆಯೂ ಕೋಣೆಯ ಕೀಲಿಯೂ ಕೈಬಿಟ್ಟು ಹೋಗಬಹುದೆಂಬ ಅಂಜಿಕೆ. ಎರಡು ವರ್ಷ, ದಿನಕ್ಕೆ ಏಳು ಬಟ್ಟಲು, ಅತ್ತೆ ಮೂಸಿದ್ದನ್ನು ಸೊಸೆ ತನ್ನದೆಂದು ಹೇಳುತ್ತ ಬಂದಿದ್ದಾರೆ.

ಇಂದು ಆ ಗುಟ್ಟಿನ ಕೊನೆಯ ದಿನ. ಏಳನೆಯ ಡ್ರಮ್ಮಿನ ಕಾಳು ಬೇಡವೆಂದರೆ ಮೂರು ನಾಯಿಗಳಿಗೆ ಬೇರೆ ಚೀಲವಿಲ್ಲ, ಬರುವುದು ನಾಡಿದ್ದು. ಏಕೆ ಬೇಡವೆಂದು ಡಾಕ್ಟರು ಕೇಳದೆ ಇರುವುದಿಲ್ಲ. ಹೂಂ ಎಂದುಬಿಡುವುದು ಎಷ್ಟು ಸುಲಭ. ಡ್ರಮ್ಮಕ್ಕ ಚೀಲವನ್ನು ಹಾಗೇ ಮಡಿಚಿ, ಉಳಿದ ಆರು ಬಗೆಯ ಅಳತೆಗಳ ಜೊತೆ ತಳ್ಳುಗಾಡಿಯಲ್ಲಿಟ್ಟು ಹೊರಡುತ್ತಾರೆ. ಮಂಜು ಇಳಿದ ಬೀದಿಯಲ್ಲಿ ಗಾಡಿಯ ಒಂದು ಚಕ್ರ ಮಾತ್ರ ಕಿರುಗುಡುತ್ತದೆ. ಯಾರೋ ಕನಸಿನಲ್ಲಿ ಬಾಗಿಲು ತೆಗೆಯುತ್ತಿರುವ ಹಾಗೆ.

ನಾಯಿಗಳ ಮನೆಯಲ್ಲಿ ಡಾಕ್ಟರು ಚೀಲದ ಬಾಯಿಗೆ ಮೂಗಿಟ್ಟು ಎರಡು ಸಲ ಎಳೆದುಕೊಳ್ಳುತ್ತಾರೆ. "ಚೆನ್ನಾಗೇ ಇದೆಯಲ್ಲ ಅಕ್ಕ. ನಿಮಗೇನು ಅನ್ನಿಸ್ತು?"

"ನನಗೇನೂ ಅನ್ನಿಸಲ್ಲ ಡಾಕ್ಟ್ರೇ. ಎರಡು ವರ್ಷದಿಂದ ನನಗೆ ವಾಸನೆನೇ ಬರಲ್ಲ."

ಅಂಗಳದಲ್ಲಿ ಮುದಿ ನಾಯಿಯೊಂದು ಕೆಮ್ಮಿ ಸುಮ್ಮನಾಗುತ್ತದೆ.

"ಮತ್ತೆ ದಿನಾ ಮೂಸ್ತಾ ಇದ್ದದ್ದು ಯಾರು?"

"ನಮ್ಮತ್ತೆ. ನಿಮಗೆ ಮುಚ್ಚಿಟ್ಟೆ, ತಪ್ಪಾಯ್ತು. ಆದ್ರೆ ಅವರು ಇವತ್ತು ಬೇಡ ಅಂದಿದ್ದಾರೆ."

"ಒಂದು ನಾಯಿ ಮುಂದೆ ಇಟ್ಟು ನೋಡೋಣ್ವಾ? ತಿನ್ನದೇ ಇದ್ರೆ..."

"ನಾಯಿಗಳನ್ನ ಕೇಳೋದು ಬೇಡ ಡಾಕ್ಟ್ರೇ," ಎನ್ನುತ್ತಾರೆ ಡ್ರಮ್ಮಕ್ಕ ಮೆಲ್ಲಗೆ. "ನಮ್ಮ ಮುಖ ನೋಡಿ ತಿಂದುಬಿಡ್ತಾರೆ."

ಡಾಕ್ಟರು ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಚೀಲವನ್ನು ಬುಡಮೇಲು ಮಾಡುತ್ತಾರೆ. ಕಾಳು ಸುರಿಯುತ್ತದೆ, ಒಣಗಿ, ಹಗುರವಾಗಿ, ನಿರಪರಾಧಿಯಂತೆ. ಕೊನೆಯಲ್ಲಿ ಮಾತ್ರ ಮುಷ್ಟಿ ಗಾತ್ರದ ಮುದ್ದೆಯೊಂದು ಧಪ್ಪನೆ ಬೀಳುತ್ತದೆ. ಅದರ ಮೈತುಂಬ ಬೂದು ಬಣ್ಣದ ಬೂಸಲು. ಚೀಲದ ಕೆಳಗಿನ ಹೊಲಿಗೆ ಒಂದು ಬೆರಳಿನಷ್ಟು ಬಿಟ್ಟಿದೆ. ಬರುವ ದಾರಿಯಲ್ಲೆಲ್ಲೋ ನೀರು ಕುಡಿದಿದೆ. ಡಾಕ್ಟರು ಬಗ್ಗಿ ಮೂಸುತ್ತಾರೆ. ಈಗ ಅವರಿಗೂ ಗೊತ್ತಾಗುತ್ತದೆ.

ಡ್ರಮ್ಮಕ್ಕ ಸೆರಗಿನ ಗಂಟು ಬಿಚ್ಚಿ ಕೋಣೆಯ ಕೀಲಿಯನ್ನು ಮೇಜಿನ ಮೇಲಿಡುತ್ತಾರೆ. ಡಾಕ್ಟರು ಅದನ್ನು ಒಂದೇ ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ನೂಕುತ್ತಾರೆ.

"ಅಜ್ಜಿಗೆ ನೆಗಡಿ ಆಗದ ಹಾಗೆ ನೋಡ್ಕೊಳ್ಳಿ," ಎನ್ನುತ್ತಾರೆ. "ಎರಡು ದಿನ ಈ ಮೂವರಿಗೂ ಅನ್ನಕ್ಕೆ ಮೊಟ್ಟೆಯ ಬಿಳಿ ಕಲಸಿ ಕೊಡೋಣ. ಮತ್ತೆ ಅಕ್ಕ, ಇನ್ನೊಂದು ಸಲ ಇಂಥದ್ದನ್ನ ಮುಚ್ಚಿಡಬೇಡಿ."

ಮನೆಗೆ ಮರಳುವಾಗ ಬಿಸಿಲು ಬಾಗಿಲು ದಾಟಿ ಮಂಚದ ಕಾಲಿನವರೆಗೆ ಬಂದಿದೆ. ಸುದ್ದಿ ಕೇಳಿದ ಅತ್ತೆಯ ಮುಖ ಅರಳುತ್ತದೆ, ಮರುಕ್ಷಣವೇ ಬಿಗಿಯಾಗುತ್ತದೆ. "ಹಾಗಾದ್ರೆ ನನ್ನ ಕೋಣೆ ನನಗೆ ವಾಪಸ್ ಕೊಡಕ್ಕೆ ಹೇಳು ಆ ಡಾಕ್ಟ್ರಿಗೆ." ಸೊಸೆ ನಗುತ್ತಾರೆ. ನಿಮಗೇನಾದರೂ ಆಸೆಯಿದೆಯೇ ಎಂದು ನಾವು ಕೇಳಿದರೆ ಡ್ರಮ್ಮಕ್ಕ ಖಾಲಿ ಬಟ್ಟಲುಗಳನ್ನು ಒಂದರೊಳಗೊಂದು ಸೇರಿಸುತ್ತ ಹೇಳುತ್ತಾರೆ.

"ಹೊಸ ಚೀಲ ಬಿಚ್ಚಿದಾಗ ಮೊದಲು ಒಂದು ವಾಸನೆ ಬರ್ತಿತ್ತು. ಅದೊಂದು ಸಲ ಬಂದ್ರೆ ಸಾಕು. ಬರದೇ ಇದ್ರೂ ಪರವಾಗಿಲ್ಲ, ಅತ್ತೆ ಹೇಳ್ತಾರೆ. ಗೋಣಿತಾಟು, ಹುರಿದ ಹಿಟ್ಟು ಅಂತ ಅವರು ಹೇಳ್ತಾ ಇದ್ರೆ ನನಗೆ ಬಂದ ಹಾಗೇ ಆಗತ್ತೆ."

ತೊಳೆದ ಏಳನೆಯ ಡ್ರಮ್ಮು ಹಿತ್ತಲಿನ ಬಿಸಿಲಿನಲ್ಲಿ ಬಾಯ್ತೆರೆದು ಮಲಗಿದೆ, ಅದರ ತಳ ಕನ್ನಡಿಯಂತೆ ಹೊಳೆಯುತ್ತಿದೆ. ಪೊರಕೆ ಎತ್ತಿಕೊಂಡು ಮೆಟ್ಟಿಲ ಕಡೆ ಹೊರಟ ಡ್ರಮ್ಮಕ್ಕ ಅರ್ಧದಲ್ಲೇ ನಿಂತು, ಮರೆತದ್ದೇನೋ ನೆನಪಾದವರಂತೆ ತಿರುಗುತ್ತಾರೆ.

"ಒಂದು ಹೇಳ್ತೀನಿ. ಮೇಷ್ಟ್ರು ಹೋದ ಮೇಲೆ ಒಂದು ವರ್ಷ ಅಲ್ಲಿ ಎಲ್ಲರೂ ತಟ್ಟೆ ಮೂಸಿ ಮೂಸಿ ತಿಂತಿದ್ರು. ಈಗ ಹೋಗಿ ನೋಡಿ. ತಟ್ಟೆ ನೆಲ ಮುಟ್ಟೋದೇ ತಡ, ಒಬ್ಬರೂ ಮೂಸಲ್ಲ. ನೇರ ಬಾಯಿ ಹಾಕ್ತಾರೆ."