ಬೀಗ ಹಾಕಿದವಳು ನಾನು

ಹಳೆಯ ಹೊದಿಕೆಗಳನ್ನು ಒಗೆದು, ಬಿಸಿಲಿಗೆ ಹರವಿ, ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ತುಂಬುವಾಗ ಮನುಷ್ಯರಿಗೆ ತಮ್ಮ ಬಗ್ಗೆಯೇ ಒಂದು ಬಗೆಯ ಪ್ರೀತಿ ಹುಟ್ಟಿಬಿಡುತ್ತದೆ. ಕಪಾಟು ಖಾಲಿಯಾಗುವುದೂ ಮನಸ್ಸು ತುಂಬುವುದೂ ಒಟ್ಟಿಗೇ ನಡೆಯುವ ಅಪರೂಪದ ಕೆಲಸ ಅದು. ನಿವೃತ್ತಳಾದ ಮರುವರ್ಷ ಒಂದು ಬೆಳಿಗ್ಗೆ ನಾನೂ ಅಂಥದೇ ಪ್ರಸನ್ನತೆಯಲ್ಲಿ, ಆರು ಹೊದಿಕೆಗಳ ಚೀಲ ಹೊತ್ತು, ಹುಣಸೂರಿನಲ್ಲಿ ಮನೆಯಿಲ್ಲದವರಿಗೆಂದು ನಡೆಸುವ ಆಶ್ರಯ ಕೇಂದ್ರಕ್ಕೆ ಹೋದೆ.

ಉದ್ದನೆಯ ಹಾಲ್, ಎರಡು ಸಾಲು ಮಂಚ. ಕೊನೆಯ ಮಂಚದ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಹೆಂಗಸು ತಲೆಯೆತ್ತಿದಳು. ಅವಳು ಸಣ್ಣಮ್ಮ.

ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದ ಶಾಲೆಯಲ್ಲಿ ಒಂಬತ್ತು ವರ್ಷ ಮಕ್ಕಳಿಗೆ ಬಿಸಿಯೂಟ ಬೇಯಿಸಿದವಳು ಸಣ್ಣಮ್ಮ. ಕೊನೆಕೊನೆಗಂತೂ ನಾನು ಗೇಟು ದಾಟುವ ಹೊತ್ತಿಗೆ ಅಂಗಳ ಗುಡಿಸಿ ನೀರು ಚಿಮುಕಿಸಿರುತ್ತಿದ್ದಳು. ಸಂಜೆ ನಾವೆಲ್ಲ ಹೊರಟ ಮೇಲೂ ಪಾತ್ರೆ ಬೆಳಗುತ್ತ ಉಳಿಯುತ್ತಿದ್ದಳು. "ಸಮಯಪಾಲನೆ ಎಂದರೇನೆಂದು ಸಣ್ಣಮ್ಮನಿಂದ ಕಲಿಯಿರಿ" ಎಂದು ಮಕ್ಕಳಿಗೆ ಬೋಧಿಸಿ, ಒಂದು ಸ್ವಾತಂತ್ರ್ಯ ದಿನಾಚರಣೆಯಲ್ಲಿ ಅವಳಿಗೆ ಶಾಲು ಹೊದಿಸಿ ಚಪ್ಪಾಳೆ ಹೊಡೆಸಿದ್ದೆ. ಆಮೇಲೊಮ್ಮೆ, ಇನ್ನೊಂದು ಊರಿನ ಶಾಲೆಯಲ್ಲಿ ಗ್ಯಾಸ್ ಸಿಲಿಂಡರ್ ಕಳುವಾಯಿತೆಂದು ಕೇಳಿ, ನಮ್ಮ ಅಡುಗೆಕೋಣೆಗೂ ಹೊಸ ಬೀಗ ಹಾಕಿಸಿ ಕೀಲಿಯನ್ನು ಸಂಜೆ ನಾನೇ ಮನೆಗೆ ಒಯ್ಯತೊಡಗಿದೆ. ಅದಾಗಿ ಒಂದು ತಿಂಗಳಿಗೆ ಸಣ್ಣಮ್ಮ ಕೆಲಸ ಬಿಟ್ಟಳು. ನಾನು ಕಾರಣ ಕೇಳಲಿಲ್ಲ, ಬೇರೊಬ್ಬಳನ್ನು ಹುಡುಕಿದೆ.

"ನೀನಿಲ್ಲಿ ಯಾಕೆ ಸಣ್ಣಮ್ಮ? ನಿನ್ನ ಮನೆ?"

"ಮನೆ ಎಲ್ಲಿತ್ತು ಟೀಚರಮ್ಮ? ಯಜಮಾನ್ರು ಇದ್ದಾಗ ಹೊಗೆಸೊಪ್ಪು ಒಣಗ್ಸೋ ಬ್ಯಾರನ್ ಪಕ್ಕದ ರೂಮಲ್ಲಿದ್ವಿ. ಅವ್ರು ತೀರ್ಕಂಡ್ಮೇಲೆ ಜಮೀನಿನೋರು ಅದ ಬ್ಯಾರೆ ಆಳ್ಗೆ ಕೊಟ್ರು. ಆಮ್ಯಾಕೆ ಎರಡು ವರ್ಸ ಇಸ್ಕೂಲ್ ಅಡ್ಗೆಮನೇಲೇ ಮಲಿಕತಿದ್ದೆ. ಅಕ್ಕಿ ಮೂಟೆ ಪಕ್ಕ ಬೆಚ್ಚಗಿರದು."

ಇಂದು ಮೋಡ ಕವಿದಿದೆ ಎನ್ನುವಷ್ಟು ಸಹಜವಾಗಿ ಹೇಳಿದಳು. ಎಲ್ಲರಿಗಿಂತ ಮೊದಲು ಅವಳು ಬರುತ್ತಿರಲಿಲ್ಲ. ಅವಳು ಹೋಗಿಯೇ ಇರುತ್ತಿರಲಿಲ್ಲ. ಹೋಗಲು ಜಾಗವಿಲ್ಲದಿರುವುದನ್ನೇ ನಾನು ಸದ್ಗುಣವೆಂದು ಹೊಗಳಿದ್ದೆ.

"ಬೀಗ ಹಾಕಿದ ಮೇಲೆ?" ಎಂದೆ.

"ಬಸ್ ಸ್ಟ್ಯಾಂಡಲ್ಲಿ. ನಿದ್ದೆಗೆಟ್ಟು ಬೆಳಿಗ್ಗೆ ಒಲೆ ಮುಂದೆ ತೂಕಡಿಸ್ದೆ, ಕುದಿಯೋ ಸಾರ ಕೈ ಮ್ಯಾಲೆ ಉಯ್ಕಂಡೆ. ಮಕ್ಳ ಮ್ಯಾಲೆ ಬಿದ್ರೆ ಏನು ಗತಿ ಅಂತ ಕೆಲ್ಸ ಬುಟ್ಬುಟ್ಟೆ." ಸೆರಗು ಸರಿಸಿ ಮುಂಗೈ ತೋರಿಸಿದಳು. ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು.

"ನನಗೊಂದು ಮಾತು ಹೇಳಬಾರದಿತ್ತೆ?"

"ಅಷ್ಟು ಜನದ ಮುಂದೆ ಶಾಲು ಆಕಿದ್ರಲ್ಲ ಟೀಚರಮ್ಮ. ಅದಾದ್ಮೇಲೆ ಯಾವ ಮಕ ಇಟ್ಕಂಡು ಯೋಳ್ಲಿ?"

'ನನ್ನ ಮನೆ' ಎಂಬ ವಿಷಯದ ಮೇಲೆ ಅದೆಷ್ಟು ತಲೆಮಾರಿನ ಮಕ್ಕಳಿಂದ ಪ್ರಬಂಧ ಬರೆಸಿದ್ದೇನೋ! ಎರಡೇ ಅಕ್ಷರದ ಆ ಪದ ಒಬ್ಬರಿಗೆ ಇಲ್ಲದಿರಬಹುದೆಂಬುದು, ಅದೂ ನಾನು ದಿನಾ ಉಣ್ಣುವ ಅನ್ನವನ್ನು ಬಡಿಸುವವರಿಗೇ ಇಲ್ಲದಿರಬಹುದೆಂಬುದು, ನನ್ನ ಪಾಂಡಿತ್ಯದ ಅಂಚಿಗೂ ಬಂದಿರಲಿಲ್ಲ.

ಕೇಂದ್ರದ ಮೇಲ್ವಿಚಾರಕಿ ಶೋಭಾ ಎಂಬ ಹುಡುಗಿ ನನ್ನನ್ನು ಹೊರಗೆ ಕರೆದಳು. "ಇಲ್ಲಿ ಸ್ವಲ್ಪ ಕಾಲ ಮಾತ್ರ ಇರಬಹುದು ಮೇಡಂ. ಕೈ ವಾಸಿಯಾಗಿದೆ, ಕ್ಯಾಂಟೀನ್‌ನಲ್ಲಿ ಕೆಲಸ ಕೊಡಿಸಿದೀವಿ. ಬಾಡಿಗೆಗೆ ರೂಮೇ ಸಿಕ್ತಿಲ್ಲ. ಈಗ ಎಲ್ಲಿದ್ದೀರಿ ಅಂತ ಕೇಳ್ತಾರೆ, ಈ ಕೇಂದ್ರದ ಹೆಸರು ಹೇಳಿದ್ರೆ ಬಾಗಿಲು ಹಾಕ್ಕೊಳ್ತಾರೆ."

ಮರುದಿನದಿಂದ ನಾನೂ ಸಣ್ಣಮ್ಮನೂ ಬೀದಿ ಬೀದಿ ಅಲೆದೆವು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಅವಳನ್ನು ಜಗಲಿಯಲ್ಲೇ ನಿಲ್ಲಿಸಿದವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದರು. ಮೂರನೆಯ ವಾರ ಒಂದು ವಠಾರದ ಒಡತಿ, ಬಟ್ಟೆ ಒಣಗಿಸುತ್ತ, "ಇವ್ರು ನಿಮ್ಗೇನಾಗ್ಬೇಕು?" ಎಂದು ಕೇಳಿದಳು. ಅಕ್ಕ ಎಂದು ಸುಳ್ಳು ಹೇಳಿಬಿಡೋಣವೆನ್ನಿಸಿತು. ಸಣ್ಣಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ನನ್ನ ಜೊತೆ ಒಂಬತ್ತು ವರ್ಷ ಕೆಲಸ ಮಾಡಿದವರು," ಎಂದೆ. "ಈಗ ಆಶ್ರಯ ಕೇಂದ್ರದಲ್ಲಿದ್ದಾರೆ. ಅವರಿಗೆ ಮನೆ ತಪ್ಪಿದ್ದರಲ್ಲಿ ನನ್ನ ಪಾಲೂ ಇದೆ. ಏನೇ ಬಂದರೂ ನನ್ನನ್ನು ಕೇಳಿ."

ಒಡತಿ ಇಬ್ಬರನ್ನೂ ಒಮ್ಮೆ ಅಳೆದು ನೋಡಿ, "ನೀರು ದಿನ ಬುಟ್ಟು ದಿನ ಬತ್ತದೆ, ಇಡ್ಕಳಕಾಯ್ತದಾ?" ಎಂದಳು. ಆಗುತ್ತದೆ ಎನ್ನುವಂತೆ ಸಣ್ಣಮ್ಮ ಜೋರಾಗಿ ತಲೆಯಾಡಿಸಿದಳು.

ಸಣ್ಣಮ್ಮನವರು ಆ ರೂಮಿಗೆ ಹೋದ ಮೇಲಿನ ಮೊದಲ ಭಾನುವಾರ ನೋಡಿಬರಲು ಹೋದೆ. ಗಂಟೆ ಒಂಬತ್ತು ದಾಟಿತ್ತು, ಬಾಗಿಲು ಮುಚ್ಚಿತ್ತು. ಇವತ್ತಿನ್ನೂ ತೆಗೆದಿಲ್ಲವೆಂದು ಪಕ್ಕದವರು ಹೇಳಿದರು. ಬಡಿದೆ, ಕೂಗಿದೆ, ಮತ್ತೆ ಬಡಿದೆ. ಬಹಳ ಹೊತ್ತಿನ ಮೇಲೆ ಬಾಗಿಲು ಅರ್ಧ ತೆರೆಯಿತು. ಕೆದರಿದ ಕೂದಲು, ಕೆನ್ನೆಯ ಮೇಲೆ ಚಾಪೆಯ ಗೆರೆ, ಅರೆತೆರೆದ ಕಣ್ಣು.

"ರಜ ಕಣ್ರವ್ವ ಇವತ್ತು," ಎಂದರು ಸಣ್ಣಮ್ಮ, ಸ್ವಲ್ಪ ಸಿಡುಕಿನಿಂದಲೇ. "ಇನ್ನೊಸಿ ಮಲಿಕತೀನಿ. ಆಮ್ಯಾಕೆ ಬನ್ನಿ."

ಬಾಗಿಲು ನನ್ನ ಮುಖಕ್ಕೇ ಮುಚ್ಚಿಕೊಂಡಿತು. ಸದ್ದಾಗದಂತೆ ಮೆಟ್ಟಿಲಿಳಿದು ಬಂದೆ.