ಅವಳ ವಿಡಿಯೊ ಓಡಾಡಿದ ವಾರ

ಮಾನ್ವಿಯಲ್ಲಿ ನಾನು ಗೆಳತಿಯೊಬ್ಬಳ ಜೊತೆ ಹೊಲಿಗೆ ಅಂಗಡಿ ನಡೆಸುತ್ತಿದ್ದೆ. ಅವಳು ಸಿಂಧನೂರು ಕಡೆಯ ಕ್ಯಾಂಪಿನವಳು. ಅವಳ ಅಜ್ಜ, ಅಜ್ಜಿ ಗಡಿಯಾಚೆಯ ಬಂಗಾಳದಿಂದ ಉಟ್ಟ ಬಟ್ಟೆಯಲ್ಲೇ ಓಡಿಬಂದವರು. ಸರ್ಕಾರವೇ ಅವರಿಗೆ ಇಲ್ಲಿ ನೆಲೆ ಕೊಟ್ಟಿತ್ತು. ಇವಳು ಹುಟ್ಟಿದ್ದು ಇಲ್ಲೇ, ಓದಿದ್ದು ಕನ್ನಡ ಶಾಲೆಯಲ್ಲಿ. ಮಾತಿಗೆ ನಿಂತರೆ ಬಾಯಿಗೆ ಹೆಸರಾದ ಬಾಗಲವಾಡ ಊರಿನ ಹೆಂಗಸರೂ ಅವಳಿಗೆ ಸೋಲಬೇಕು. ತಾಯಿಯ ಫೋನ್ ಬಂದಾಗ ಮಾತ್ರ ಬಂಗಾಳಿ.

ಗಡಿಯಾಚೆ ಮತ್ತೆ ಗಲಭೆ ಎದ್ದಾಗ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಬರೀ ಅದರದೇ ವಿಡಿಯೊ. ಸುಟ್ಟ ಮನೆಗಳು, ಗಂಟು ಹೊತ್ತು ಓಡುವ ಹೆಂಗಸರು. ನಮ್ಮ ಕಾಯಂ ಗಿರಾಕಿಯಾಗಿದ್ದ ಟೀಚರೊಬ್ಬರು ಅವನ್ನು ನೋಡುತ್ತಾ ಅಂಗಡಿಯಲ್ಲೇ ಕಣ್ಣೊರೆಸಿಕೊಂಡರು.

“ಪಾಪ, ನಮ್ಮ ಮಂದಿರೀ. ಹೆಂಗ ಕೈ ಬಿಡಾಕ ಆಗ್ತದ?”

ಗೆಳತಿ ಅವರಿಗೆ ನೀರು ಕೊಟ್ಟಳು.

ಕೆಲವೇ ದಿನಗಳಲ್ಲಿ ಬೇರೆ ವಿಡಿಯೊ ಬಂತು. ಬಂಗಾಳಿ ಮಾತಾಡುವವರು ನಿಮ್ಮೂರಿಗೂ ನುಸುಳಿದ್ದಾರೆ, ಎಚ್ಚರ ಅಂತ. ಅದರ ಬೆನ್ನಿಗೇ ನಮ್ಮ ಅಂಗಡಿಯದು. ಗೆಳತಿ ಬಾಗಿಲಲ್ಲಿ ನಿಂತು ತಾಯಿಯ ಜೊತೆ ಫೋನಿನಲ್ಲಿ ಮಾತಾಡುವುದನ್ನು ಯಾರೋ ರಸ್ತೆಯಾಚೆಯಿಂದ ತೆಗೆದಿದ್ದರು. ಕೆಳಗೆ, “ಇಕಿ ಯಾವ ದೇಶದಾಕಿ?” ಅವಳ ಕೈಯಲ್ಲಿ ಬಟ್ಟೆ ಹೊಲಿಸಿಕೊಂಡವರು ಆ ಗುಂಪಿನ ತುಂಬ ಇದ್ದರು. ಒಬ್ಬರೂ ಬಾಯಿ ಬಿಡಲಿಲ್ಲ.

ಮರುದಿನ ಟೀಚರ್ ಬಂದರು. “ನನ್ನ ಬ್ಲೌಸ್ ವಾಪಸ್ ಕೊಟ್ಬಿಡ್ರಿ.”

“ಹುಕ್ ಹಚ್ಚೋದೊಂದು ಉಳದದ ನೋಡ್ರಿ,” ಎಂದಳು ಗೆಳತಿ.

“ಇರಲಿ ಬಿಡ್ರಿ.” ಆಮೇಲೆ ಅವಳ ಎದುರಿಗೇ ನನ್ನನ್ನು ಕೇಳಿದರು: “ಅಕಿ ಆಧಾರ್ ಕಾರ್ಡ್ ನೋಡೀರೇನು ನೀವು?”

“ಮೊನ್ನಿ ಯಾರ ಸಲುವಾಗಿ ಅತ್ರಿ, ಟೀಚರ್? ಅಂಥವರ ಮೊಮ್ಮಗಳೇ ಇಕಿ.”

“ಅದು ಬ್ಯಾರೆ, ಇದು ಬ್ಯಾರೆ,” ಎಂದು ಹೊರಟುಹೋದರು.

ಅವಳ ಬಗ್ಗೆ ಇದ್ದದ್ದನ್ನೆಲ್ಲ ನಾನು ವಾಯ್ಸ್ ಮೆಸೇಜ್ ಮಾಡಿ ಗುಂಪಿಗೆ ಕಳಿಸಿದೆ. “ಎಷ್ಟು ಕೊಟ್ಟಾಳ ನಿಮಗ?” ಎಂದು ಒಬ್ಬ ಬರೆದ. ಅದಕ್ಕೆ ನಗುವ ಮುಖಗಳ ಸಾಲು. ಸಂಜೆಯೊಳಗೆ ನನ್ನನ್ನು ಗುಂಪಿನಿಂದ ತೆಗೆದುಹಾಕಿದ್ದರು.

ಗೆಳತಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವೋಟರ್ ಕಾರ್ಡುಗಳ ಜೆರಾಕ್ಸ್ ಮಾಡಿಸಿ ಅಂಗಡಿಯ ಗಾಜಿಗೆ ಅಂಟಿಸಿದಳು. ಬೇಡವೆಂದರೂ ಕೇಳಲಿಲ್ಲ. ಅದನ್ನೂ ವಿಡಿಯೊ ಮಾಡಿ, ನಕಲಿ ಎಂದು ಹರಿಬಿಟ್ಟರು. ಆಮೇಲೆ ಅವಳು ತನ್ನ ಮಷೀನನ್ನು ಆಟೋಗೆ ಹಾಕಿಸಿದಳು.

ಈಗ ರಾಯಚೂರಿನಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಶೆಡ್ಡಿನ ಒಳಮೂಲೆಯಲ್ಲಿ ಕೂರುತ್ತಾಳೆ. ನೋಡಲು ಹೋಗಿದ್ದೆ.

“ಸಿಟ್ಟು ಬರಂಗಿಲ್ಲೇನು ನಿನಗ?” ಎಂದೆ.

“ಸಿಟ್ಟು ಮಾಡಿದ್ರ ಅದನೂ ವಿಡಿಯೊ ಮಾಡ್ತಾರಕ್ಕಾ,” ಎಂದಳು, ಹೊಲಿಯುತ್ತಿದ್ದ ಕಾಲರಿನಿಂದ ಕಣ್ಣೆತ್ತದೆ.

ಮಾನ್ವಿಯಲ್ಲಿ ಈಗ ನಾನೊಬ್ಬಳೇ. ಟೀಚರ್ ಮತ್ತೆ ಬರತೊಡಗಿದ್ದಾರೆ. ಹೊಟ್ಟೆಪಾಡು, ಅಳತೆ ತೆಗೆದುಕೊಳ್ಳುತ್ತೇನೆ. ಸ್ಟೂಲು ಸರಿಸಿ ‘ಕೂಡ್ರಿ’ ಎಂದು ಮಾತ್ರ ಹೇಳುವುದಿಲ್ಲ.