ಅವರೊಬ್ಬರೇ ಇಳಿದದ್ದಲ್ಲ

2006ರಲ್ಲಿ ಮಳೆಗಾಲ ಮುಗಿದು ದೋಣಿಗಳೆಲ್ಲ ಮತ್ತೆ ಕಡಲಿಗಿಳಿದರೂ ನನ್ನ ಗಂಡ ಗಣಪತಿ ಮನೆಯಲ್ಲೇ ಉಳಿದರು. ನಮ್ಮದು ಬೇಲೆಕೇರಿ. ಇವರು ತಂದ ಮೀನನ್ನು ನಾನು ಅಂಕೋಲಾ ಪೇಟೆಯಲ್ಲಿ ಮಾರುತ್ತಿದ್ದೆ. ಕೆಲವು ತಿಂಗಳಿಂದ ಇವರಿಗೆ ಎರಡೂ ಕಾಲಿನ ಎಲುಬುಗಳಲ್ಲಿ ತಡೆಯಲಾಗದ ನೋವು. ಜೊತೆಗೆ ವಿಪರೀತ ಬಾಯಾರಿಕೆ. ಎಷ್ಟು ನೀರು ಕುಡಿದರೂ ಸಾಲದು, ಕುಡಿದದ್ದೆಲ್ಲ ಮೂತ್ರವಾಗಿ ಹೋಗುತ್ತಿತ್ತು. ಊರವರು ಸಕ್ಕರೆ ಕಾಯಿಲೆ ಎಂದರು. ರಕ್ತ ನೋಡಿದರೆ ಅದೂ ಇಲ್ಲ. ಕಾರವಾರದ ಡಾಕ್ಟರು ಕಾಲಿನ ಎಕ್ಸ್‌ರೇ ನೋಡಿ, "ಇಂಥದ್ದು ನಾನು ಕಂಡಿಲ್ಲ, ಮಂಗಳೂರಿಗೆ ಹೋಗಿ" ಎಂದರು.

ಬೆಳಿಗ್ಗೆ ಅಂಕೋಲಾದಲ್ಲಿ ಬಸ್ಸು ಹತ್ತಿದೆವು. ನಾನು ನೀರಿನ ಬಾಟಲಿ ಕೊಟ್ಟಾಗಲೆಲ್ಲ ಇವರು "ಈಗ ಬೇಡ" ಎಂದು ಮುಖ ತಿರುಗಿಸಿದರು. ಕುಮಟಾ ದಾಟುವಾಗ ತುಟಿ ಒಣಗಿ ಬಿರಿದಿತ್ತು. ಹೊನ್ನಾವರದ ಸೇತುವೆ ಮೇಲೆ "ಬಲೆ ಎಳಿ, ಬಲೆ ಎಳಿ" ಎಂದು ಬಡಬಡಿಸುತ್ತ ನನ್ನ ಭುಜಕ್ಕೆ ಒರಗಿಬಿಟ್ಟರು. ನಾನು ಕೂಗಿಕೊಂಡೆ.

ಸೇತುವೆ ದಾಟಿ ಬಸ್ಸು ನಿಂತಿತು. ಮುಂದಿನ ಸೀಟಿನ ಅಜ್ಜಿ ಇವರ ಮುಖಕ್ಕೆ ನೀರು ತಟ್ಟಿ, ಗುಟುಕು ಗುಟುಕಾಗಿ ಕುಡಿಸಿದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು.

"ಎಂತಕ್ಕೆ ನೀರು ಕುಡೀಲಿಲ್ಲ?" ಎಂದು ಅಳುತ್ತಲೇ ಬೈದೆ.

"ಕುಡುದ್ರೆ ಮತ್ತೆ ಮತ್ತೆ ಬಸ್ಸು ನಿಲ್ಸ್ಬೇಕಾಗ್ತದೆ. ಇಷ್ಟು ಜನರ ಎದ್ರಿಗೆ ಕೇಳೂಕೆ ನಾಚ್ಕೆ ಆಗ್ತದೆ."

ಕಂಡಕ್ಟರಿಗೆ ಅದು ಕೇಳಿಸಿತು. "ನೀವು ಕುಡೀರಿ ಅಣ್ಣಾ, ಎಷ್ಟು ಸಲ ಬೇಕಾದ್ರೂ ನಿಲ್ಸ್ವಾ" ಎಂದರು.

ನೀರೇನೋ ಕುಡಿದರು, ಆದರೆ ಬಸ್ಸು ನಿಲ್ಲಿಸಿ ಎಂದು ಇವರು ಬಾಯಿ ಬಿಡುವವರಲ್ಲ. ಮುಂದೆ ಹೋಗುತ್ತ ಸೀಟಿನಲ್ಲಿ ಚಡಪಡಿಸುವುದು ಕಂಡಿತು. ಆಗ ಹಿಂದಿನಿಂದ ದಪ್ಪ ಗೃಹಸ್ಥರೊಬ್ಬರು ಎದ್ದರು. "ಕಂಡಕ್ಟ್ರೇ, ನಂಗೆ ಅರ್ಜೆಂಟ್ ಅದೆ, ನಿಲ್ಸಿ ಮಾರಾಯ್ರೆ!" ಬಸ್ಸು ನಿಂತಿತು. ಅವರು ನಮ್ಮ ಸೀಟಿನ ಹತ್ತಿರ ಬಂದು, "ನೀವೂ ಬನ್ನಿ, ನಂಗೊಬ್ಬನಿಗೇ ಬೇಜಾರು" ಎಂದು ಇವರ ಕೈ ಹಿಡಿದು ಇಳಿಸಿದರು.

ಮುಂದಿನ ಸಲ ಮತ್ತಿಬ್ಬರು ಇಳಿದರು. ಬೈಂದೂರು ದಾಟಿದ ಮೇಲೆ ಡ್ರೈವರೂ ಸೇರಿದರು. ಗಂಡಸರೆಲ್ಲ ಸಾಲಾಗಿ ಬೇಲಿಯತ್ತ ನಡೆದಾಗ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು, "ಇದೆಂತ ಮೆರವಣಿಗೆಯೇ ತಂಗಿ!" ಎಂದು ನಕ್ಕರು. ಇವರು ನಗುತ್ತಲೇ ಬಸ್ಸು ಹತ್ತಿದರು. ಎಷ್ಟೋ ತಿಂಗಳ ಮೇಲೆ ಆ ನಗು ನೋಡಿದೆ.

ಮಂಗಳೂರಿನಲ್ಲಿ ಕಾಲಿನ ಎಲುಬಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎರ್ಡ್‌ಹೈಮ್-ಚೆಸ್ಟರ್ ಎಂಬ ಬಲು ಅಪರೂಪದ ಕಾಯಿಲೆಯಂತೆ. ಕೆಟ್ಟ ಜೀವಕೋಶಗಳು ಎಲುಬು, ಮೂತ್ರಪಿಂಡ, ಹೃದಯದ ಸುತ್ತ ಕೂಡಿಕೊಳ್ಳುತ್ತವೆ, ತಲೆಯೊಳಗಿನ ಗ್ರಂಥಿಗೂ ತಗಲಿದ್ದರಿಂದ ಆ ಬಾಯಾರಿಕೆ ಎಂದು ಡಾಕ್ಟರು ಬಿಡಿಸಿ ಹೇಳಿದರು. "ನೀರು ಕುಡಿಯೋದು ಬಿಟ್ಟರೆ ಜೀವಕ್ಕೇ ಅಪಾಯ" ಎಂದೂ ಎಚ್ಚರಿಸಿದರು. ಹೆಸರು ಕೇಳಿ ಇವರು, "ನಮ್ಮ ಬಂದರಿಗೆ ಅದಿರು ತುಂಬೂಕೆ ಬರೂ ಹಡಗಿನ ಹೆಸರಿನ ಹಂಗದೆ" ಎಂದರು.

ಮೂಗಿಗೆ ಬಿಡುವ ಔಷಧದಿಂದ ಬಾಯಾರಿಕೆ ಹಿಡಿತಕ್ಕೆ ಬಂತು. ಇಂಜೆಕ್ಷನ್ನಿನಿಂದ ನೋವೂ ತುಸು ತಗ್ಗಿ, ಒಂದು ವರ್ಷ ದೋಣಿಗೂ ಹೋದರು. ಆಮೇಲೆ ಕಾಯಿಲೆ ಹೃದಯವನ್ನು ಹಿಡಿಯಿತು. 2009ರಲ್ಲಿ ಮನೆಯಲ್ಲೇ, ನಾನು ಹತ್ತಿರವಿದ್ದಾಗಲೇ ಹೋದರು.

ಬಸ್ಸಿನಲ್ಲಿ ಮೊದಲು ಎದ್ದ ಆ ಗೃಹಸ್ಥರ ಹೆಸರನ್ನೂ ನಾವು ಕೇಳಿರಲಿಲ್ಲ. ಅವರಿಗೆ ನಿಜವಾಗಿಯೂ ಅರ್ಜೆಂಟ್ ಇತ್ತೋ ಇಲ್ಲವೋ ಎಂದು ನಮ್ಮಿಬ್ಬರಲ್ಲಿ ಕೊನೆಯವರೆಗೂ ವಾದ. ಇವರು ಇತ್ತೆಂದೇ ಹೇಳುತ್ತಿದ್ದರು. ಇರಲಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ.